ಎಳೆ ಹರಿದರೆ ನಿಲ್ಲುವ ಮಗ್ಗ

(ಸಂಘದ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನನ್ನನ್ನು ಕರೆಯಲು ಬಂದಾಗ, "ನೀವು ಮಾಡುವ ಕಂಪ್ಯೂಟರ್ ಕೆಲಸದ ವಿಷಯವಾಗಿ ನಾಲ್ಕು ಮಾತು ಹೇಳಿ, ಆದರೆ ಹೊಟೇಲಿನ ಹುಡುಗರಿಗೂ, ಗಿರಣಿಯಲ್ಲಿ ದುಡಿದ ಹಿರಿಯರಿಗೂ ತಿಳಿಯುವಂತಿರಲಿ" ಎಂದರು. ಮೊದಲನೆಯ ಮಾತು ಸುಲಭ; ಎರಡನೆಯದು ಕಷ್ಟ. ಆದರೆ ಯೋಚಿಸುತ್ತ ಹೋದಂತೆ, ನನ್ನ ಕಸುಬಿನ ದೊಡ್ಡ ಪಾಠವನ್ನು ನನಗಿಂತ ಮೊದಲೇ ಕಲಿತವರು ಈ ಸಭೆಯಲ್ಲಿಯೇ ಕುಳಿತಿದ್ದಾರೆಂದು ಹೊಳೆಯಿತು. ಅವರ ಪಾಠವನ್ನು ಅವರಿಗೇ ಒಪ್ಪಿಸುವ ವಿದ್ಯಾರ್ಥಿಯಂತೆ ನಾನಿಲ್ಲಿ ನಿಂತಿದ್ದೇನೆ.

ಸಾಫ್ಟ್‌ವೇರ್ ಎಂಬುದು ಈಗ ನಮಗೆ ದೂರದ ವಸ್ತುವಲ್ಲ. ಗಲ್ಲಾದ ಮೇಲೆ ಅಂಟಿಸಿದ ಚೌಕದ ಚಿತ್ರಕ್ಕೆ ಗಿರಾಕಿ ಮೊಬೈಲು ಹಿಡಿದರೆ ದೋಸೆಯ ದುಡ್ಡು ಮಾಲೀಕರ ಖಾತೆಗೆ ಹೋಗುತ್ತದೆ. ಹಬ್ಬಕ್ಕೆ ಊರಿಗೆ ಹೋಗುವ ರೈಲು ಟಿಕೆಟು ಮೊಬೈಲಿನಲ್ಲಿಯೇ ಸಿಗುತ್ತದೆ. ಇವೆಲ್ಲದರ ಹಿಂದೆ ಜನ ಬರೆದ ಪ್ರೋಗ್ರಾಮುಗಳಿವೆ. ಈ ಪ್ರೋಗ್ರಾಮುಗಳು ಒಮ್ಮೆ ಬರೆದಿಟ್ಟು ಮುಗಿಯುವ ವಸ್ತುಗಳಲ್ಲ. ಬ್ಯಾಂಕಿನ ನಿಯಮ ಬದಲಾಯಿತು, ತೆರಿಗೆ ಬದಲಾಯಿತು, ಒಂದು ತಪ್ಪು ಸಿಕ್ಕಿತು ಎಂದರೆ ಅವನ್ನು ತಿದ್ದಬೇಕು. ಹಾಗೆ ತಿದ್ದುವಾಗ ಹೊಟೇಲಿನವರಂತೆ ಬಾಗಿಲೆಳೆದು "ಇಂದು ರಜೆ" ಎಂದು ಬೋರ್ಡು ಹಾಕುವಂತಿಲ್ಲ. ಗಿರಾಕಿ ತಟ್ಟೆಯ ಮುಂದೆ ಕುಳಿತಿರುವಾಗಲೇ ಅಡುಗೆಮನೆಯ ಒಲೆ ಬದಲಾಯಿಸುವ ಕೆಲಸವಿದು.

ಈ ಕೆಲಸವನ್ನು ಯಂತ್ರಗಳಿಗೆ ಒಪ್ಪಿಸಿದ್ದು ಹೇಗೆ, ಒಪ್ಪಿಸಿದ ಮೇಲೆ ಮನುಷ್ಯನ ಪಾಲಿಗೆ ಏನು ಉಳಿಯಿತು ಎಂಬುದೇ ನನ್ನ ಇಂದಿನ ವಿಷಯ.

ಮೊದಲು ಹಳೆಯ ಪದ್ಧತಿಯನ್ನು ಹೇಳುತ್ತೇನೆ. ನಾನು ಮೊದಲು ಸೇರಿದ ಕಂಪೆನಿಯ ಹೆಸರು ಇಲ್ಲಿ ಬೇಡ. ಅಲ್ಲಿ ಹದಿನೈದು ಇಪ್ಪತ್ತು ಜನ ಒಂದೇ ಪ್ರೋಗ್ರಾಮಿನ ಬೇರೆ ಬೇರೆ ಭಾಗಗಳನ್ನು ತಮ್ಮ ತಮ್ಮ ಮೇಜಿನಲ್ಲಿ ಮೂರು ತಿಂಗಳು ಬರೆಯುತ್ತಿದ್ದೆವು. ಮೂರು ತಿಂಗಳ ಕೊನೆಗೆ ಎಲ್ಲವನ್ನೂ ತಂದು ಜೋಡಿಸುವುದು. ದೊಡ್ಡ ಮದುವೆಗೆ ನಾಲ್ವರು ಅಡುಗೆ ಭಟ್ಟರನ್ನು ನಾಲ್ಕು ಮನೆಗಳಲ್ಲಿ ಕೂರಿಸಿ, ಒಬ್ಬರ ಮುಖ ಒಬ್ಬರು ನೋಡದಂತೆ ಅಡುಗೆ ಮಾಡಿಸಿ, ಎಲೆ ಹಾಕಿದ ಮೇಲೆ ಎಲ್ಲವನ್ನೂ ಒಂದೆಡೆ ತಂದರೆ ಏನಾದೀತು? ಇಬ್ಬರು ಸಾರು ಮಾಡಿರುತ್ತಾರೆ, ಅನ್ನ ಯಾರೂ ಮಾಡಿರುವುದಿಲ್ಲ. ನಮ್ಮ ಅವಸ್ಥೆಯೂ ಅದೇ. ಜೋಡಿಸುವ ಕೆಲಸಕ್ಕೇ ಎರಡು ಮೂರು ವಾರ ಹಿಡಿಯುತ್ತಿತ್ತು.

ಜೋಡಿಸಿದ ಮೇಲೆ ಅದನ್ನು ಸರ್ವರುಗಳಿಗೆ ಏರಿಸುವ ರಾತ್ರಿ ಬರುತ್ತಿತ್ತು. ಸರ್ವರ್ ಎಂದರೆ ಜನರಿಗೆ ಸೇವೆ ಒದಗಿಸುವ ದೊಡ್ಡ ಕಂಪ್ಯೂಟರು. ಶನಿವಾರ ರಾತ್ರಿ ಹನ್ನೊಂದಕ್ಕೆ ಆರಂಭ. ಕೈಯಲ್ಲಿ ಒಂದು ಪಟ್ಟಿ: ಈ ಕಡತವನ್ನು ಇಲ್ಲಿಂದ ತೆಗೆ, ಅಲ್ಲಿ ಇಡು, ಇದನ್ನು ನಿಲ್ಲಿಸು, ಅದನ್ನು ಚಾಲೂ ಮಾಡು. ಒಂದು ರಾತ್ರಿ, ಮೂರು ಗಂಟೆಯ ಹೊತ್ತಿಗೆ, ನಿದ್ದೆಗಣ್ಣಿನಲ್ಲಿದ್ದ ನಮ್ಮಲ್ಲೊಬ್ಬ ಹುಡುಗ ಪಟ್ಟಿಯ ಒಂದು ಸಾಲನ್ನು ಬಿಟ್ಟು ಮುಂದಿನದನ್ನು ಮಾಡಿದ. ಸೋಮವಾರ ಬೆಳಗ್ಗೆ ಗಿರಾಕಿಗಳ ಲೆಕ್ಕವೆಲ್ಲ ತಪ್ಪಾಗಿ ಬಂತು. ಮೇಲಿನವರು ಕೇಳಿದ ಮೊದಲ ಪ್ರಶ್ನೆ, "ಯಾರು ಮಾಡಿದ್ದು?" ಹುಡುಗನನ್ನು ತೋರಿಸಿದರು. ಆ ತಿಂಗಳು ಮುಗಿಯುವುದರೊಳಗೆ ಅವನು ಕೆಲಸ ಬಿಟ್ಟ. ಹದಿನಾರು ಗಂಟೆ ದುಡಿದವನ ಕೈಯಲ್ಲಿ ಬೆಳಗಿನ ಜಾವ ಅಂಥ ಪಟ್ಟಿಯನ್ನು ಕೊಟ್ಟವರು ಯಾರು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆ ಮೌನ ನನಗೆ ಇಂದಿಗೂ ಚುಚ್ಚುತ್ತದೆ.

ಗಿರಣಿಯ ಹಿರಿಯರಿಗೆ ಈ ಕಥೆ ಹೊಸತಲ್ಲ. ನೇಯ್ಗೆ ಖಾತೆಯಲ್ಲಿ ಆದ ದೋಷ ಫೋಲ್ಡಿಂಗ್ ಖಾತೆಯಲ್ಲಿ ಸಿಕ್ಕಾಗ ದಂಡ ನೇಕಾರನ ತಲೆಗೆ ಬರುತ್ತಿತ್ತು. ಕೆಟ್ಟ ಬಟ್ಟೆಯನ್ನು ಅವನಿಗೇ ಕೊಟ್ಟು ಅದರ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಂಡ ಕಾಲವೂ ಇತ್ತು. ನೂಲೇ ಕಳಪೆಯಾಗಿತ್ತೋ, ಮಗ್ಗವೇ ಸವೆದಿತ್ತೋ, ಕೇಳುವವರಿಲ್ಲ. ದೋಷ ಹುಟ್ಟಿದ ಜಾಗಕ್ಕೂ ಸಿಕ್ಕ ಜಾಗಕ್ಕೂ ನಡುವೆ ಅಂತರ ಹೆಚ್ಚಿದಷ್ಟೂ ನ್ಯಾಯ ದೂರವಾಗುತ್ತದೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಈ ಕಷ್ಟಕ್ಕೆ ಕೆಲವರು ಒಂದು ಉಪಾಯ ಕಂಡುಕೊಂಡರು. ಮೂರು ತಿಂಗಳಿಗೊಮ್ಮೆ ಜೋಡಿಸುವುದು ಕಷ್ಟವಾದರೆ ದಿನವೂ ಜೋಡಿಸೋಣ, ದಿನಕ್ಕೆ ಹಲವು ಸಲ ಜೋಡಿಸೋಣ. ಕಷ್ಟದ ಕೆಲಸವನ್ನು ಮುಂದೂಡುವ ಬದಲು ಚೂರುಚೂರಾಗಿ ಪದೇಪದೇ ಮಾಡಿದರೆ ಅದರ ಕಷ್ಟ ಕರಗುತ್ತದೆ ಎಂಬ ವಿಚಾರ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಕೆಂಟ್ ಬೆಕ್ ಮತ್ತು ಅವರ ಸಂಗಡಿಗರು ಇದನ್ನು ಒಂದು ಶಿಸ್ತಾಗಿ ಆಚರಣೆಗೆ ತಂದರು. ಇದರ ಹೆಸರು ಕಂಟಿನ್ಯುಯಸ್ ಇಂಟಿಗ್ರೇಶನ್. ನಿರಂತರ ಜೋಡಣೆ ಎನ್ನೋಣ.

ಆದರೆ ದಿನಕ್ಕೆ ಹತ್ತು ಸಲ ಜೋಡಿಸಿ, ಹತ್ತು ಸಲವೂ ಎಲ್ಲವನ್ನೂ ಪರೀಕ್ಷಿಸುವುದು ಮನುಷ್ಯನಿಂದ ಆಗದು. ಬೇಸರ ಬರುತ್ತದೆ; ಬೇಸರ ಬಂದಲ್ಲಿ ಕಣ್ಣು ತಪ್ಪುತ್ತದೆ. ಇಲ್ಲಿ ಯಂತ್ರ ಬಂತು. ಅದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿಯಲ್ಲಿ ಕೊಹ್ಸುಕೆ ಕವಾಗುಚಿ ಎಂಬ ಜಪಾನಿ ಎಂಜಿನಿಯರರಿದ್ದರು. ಇವರು ಬರೆದು ಸೇರಿಸಿದ ಭಾಗಗಳಿಂದ ಎಲ್ಲರ ಕೆಲಸವೂ ಆಗಾಗ ಮುರಿದು ಬೀಳುತ್ತಿತ್ತು. ಜೊತೆಯವರ ಸಿಟ್ಟಿಗೆ ಗುರಿಯಾಗುತ್ತಿದ್ದರು. ಬೈಸಿಕೊಳ್ಳುವ ಮೊದಲೇ ತನ್ನ ತಪ್ಪು ತನಗೆ ತಿಳಿಯಲೆಂದು 2004ರಲ್ಲಿ ಒಂದು ಉಪಕರಣವನ್ನು ಬರೆಯತೊಡಗಿದರು. ಅದಕ್ಕೆ ಹಡ್ಸನ್ ಎಂದು ಹೆಸರಿಟ್ಟರು. ಮುಂದೆ ಹೆಸರಿನ ಹಕ್ಕಿನ ವಿಷಯದಲ್ಲಿ ವಿವಾದವಾಗಿ 2011ರಲ್ಲಿ ಅದು ಜೆಂಕಿನ್ಸ್ ಆಯಿತು. ಇಂಗ್ಲಿಷರ ಸಿರಿವಂತ ಮನೆಗಳ ಬಟ್ಲರನಿಗೆ ಒಪ್ಪುವಂಥ ಹೆಸರುಗಳಿವು. ಅದರ ಲಾಂಛನವನ್ನು ನೀವು ನೋಡಬೇಕು: ಕುತ್ತಿಗೆಗೆ ಬೋ ಕಟ್ಟಿ, ತೋಳಿನ ಮೇಲೆ ಬಿಳಿ ವಸ್ತ್ರ ಹಾಕಿಕೊಂಡು ನಿಂತ ಒಬ್ಬ ಸೇವಕ! ಲೋಕದ ದೊಡ್ಡ ದೊಡ್ಡ ಕಂಪೆನಿಗಳ ಕೆಲಸ ನಡೆಸಿದ ಯಂತ್ರಕ್ಕೆ ನಮ್ಮ ಸಪ್ಲಾಯರ್ ಅಣ್ಣನ ವೇಷ. ಅದು ನನಗೆ ಬಹಳ ಹಿಡಿಸಿದೆ.

ಈ ಸೇವಕನ ಕೆಲಸ ಹೀಗೆ. ಬರೆದವನು ತನ್ನ ತಿದ್ದುಪಡಿಯನ್ನು ಎಲ್ಲರ ಸಾಮಾನ್ಯ ಉಗ್ರಾಣಕ್ಕೆ ಹಾಕುತ್ತಾನೆ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದ ಗಿಟ್ ಎಂಬುದರಲ್ಲಿ ಇಂದು ಇಂಥ ಉಗ್ರಾಣಗಳನ್ನು ಇಡುವುದು ವಾಡಿಕೆ. ಯಾರು, ಯಾವಾಗ, ಯಾವ ಸಾಲನ್ನು ಬದಲಾಯಿಸಿದರೆಂಬುದು ಅಲ್ಲಿ ದಾಖಲಾಗುತ್ತದೆ. ಉಗ್ರಾಣಕ್ಕೆ ಹೊಸ ಸರಕು ಬಂದದ್ದನ್ನು ಯಂತ್ರ ಗಮನಿಸುತ್ತದೆ. ಹಳೆಯದರೊಡನೆ ಜೋಡಿಸುತ್ತದೆ. ಬಳಿಕ, ಮೊದಲೇ ಬರೆದಿಟ್ಟ ನೂರಾರು ಪರೀಕ್ಷೆಗಳನ್ನು ಒಂದೊಂದಾಗಿ ಮಾಡುತ್ತದೆ: ನೂರು ರೂಪಾಯಿ ಕಳಿಸಿದರೆ ನೂರೇ ಹೋಯಿತೇ? ಖಾತೆಯಲ್ಲಿ ಹಣವಿಲ್ಲದಿದ್ದರೆ ಇಲ್ಲವೆಂದಿತೇ? ಎಲ್ಲ ಸರಿಯಿದ್ದರೆ ಹಸಿರು ಗುರುತು. ಒಂದು ತಪ್ಪಿದರೂ ಕೆಂಪು. ಸರಕು ಅಲ್ಲಿಯೇ ನಿಲ್ಲುತ್ತದೆ. ಬರೆದವನಿಗೆ ಹತ್ತು ನಿಮಿಷದಲ್ಲಿ ಸುದ್ದಿ ಬರುತ್ತದೆ. ಬರೆದದ್ದು ಅವನ ತಲೆಯಲ್ಲಿ ಇನ್ನೂ ಬಿಸಿಯಾಗಿರುತ್ತದೆ, ಕೂಡಲೇ ತಿದ್ದುತ್ತಾನೆ. ದಂಡವಿಲ್ಲ, ವಿಚಾರಣೆಯಿಲ್ಲ. ಭಟ್ಟರು ಸಾಂಬಾರನ್ನು ಒಲೆಯ ಮೇಲಿರುವಾಗಲೇ ರುಚಿ ನೋಡಿ ಚಿಟಿಕೆ ಉಪ್ಪು ಹಾಕುವುದಕ್ಕೂ, ಗಿರಾಕಿ ತಟ್ಟೆ ತಳ್ಳಿ ಎದ್ದುಹೋಗುವುದಕ್ಕೂ ಎಷ್ಟು ಅಂತರ!

ಜೋಡಿಸಿ ಪರೀಕ್ಷಿಸಿದ ಮೇಲೆ ಸರ್ವರುಗಳಿಗೆ ಏರಿಸುವ ಕೆಲಸವನ್ನೂ ಯಂತ್ರಕ್ಕೆ ಕೊಟ್ಟರು. ಶನಿವಾರ ರಾತ್ರಿಯ ಆ ಪಟ್ಟಿಯನ್ನು ಯಂತ್ರ ಓದುವಂತೆ ಬರೆದಿಟ್ಟರೆ ಅದು ಸಾಲು ಬಿಡುವುದಿಲ್ಲ, ತೂಕಡಿಸುವುದಿಲ್ಲ. ಬಡ ಹುಡುಗನ ಕಡೆ ಬೆರಳು ತೋರಿಸುವ ಪ್ರಸಂಗವೂ ಬರುವುದಿಲ್ಲ. ಫ್ಲಿಕರ್ ಎಂಬ ಚಿತ್ರಸಂಗ್ರಹದ ಸಂಸ್ಥೆಯ ಇಬ್ಬರು ಎಂಜಿನಿಯರರು 2009ರ ಒಂದು ಸಮ್ಮೇಳನದಲ್ಲಿ, ತಾವು ದಿನಕ್ಕೆ ಹತ್ತು ಸಲಕ್ಕಿಂತ ಹೆಚ್ಚಾಗಿ ಹೊಸದನ್ನು ಏರಿಸುತ್ತೇವೆಂದು ಹೇಳಿದರು. ಮೂರು ತಿಂಗಳಿಗೊಮ್ಮೆ ಏರಿಸಿ ಬೆವರುತ್ತಿದ್ದ ನಮ್ಮಂಥವರಿಗೆ ಅದು ಪವಾಡದಂತೆ ಕೇಳಿಸಿತು.

ಕೈಯಿಂದ ಏರಿಸುವುದರ ಅಪಾಯವೆಷ್ಟೆಂಬುದಕ್ಕೆ ಲೋಕವೇ ಬಲ್ಲ ಒಂದು ನಿದರ್ಶನವಿದೆ. ಅಮೆರಿಕದಲ್ಲಿ ನೈಟ್ ಕ್ಯಾಪಿಟಲ್ ಎಂಬ ಶೇರು ವ್ಯಾಪಾರದ ಸಂಸ್ಥೆಯಿತ್ತು. ಅದರ ಎಂಟು ಸರ್ವರುಗಳಿಗೆ ಹೊಸ ಪ್ರೋಗ್ರಾಂ ಹಾಕಬೇಕಾಗಿತ್ತು. ಕೆಲಸಗಾರನೊಬ್ಬ ಏಳಕ್ಕೆ ಹಾಕಿದ, ಎಂಟನೆಯದು ಉಳಿದುಹೋಯಿತು. ಎರಡನೆಯವರೊಬ್ಬರು ನೋಡಬೇಕೆಂಬ ನಿಯಮವೇ ಇರಲಿಲ್ಲ. 2012ರ ಆಗಸ್ಟ್ 1ರಂದು ಪೇಟೆ ತೆರೆದೊಡನೆ ಆ ಎಂಟನೆಯ ಸರ್ವರಿನಲ್ಲಿ, ವರ್ಷಗಟ್ಟಲೆ ಬಳಸದೆ ಬಿದ್ದಿದ್ದ ಹಳೆಯ ಪ್ರೋಗ್ರಾಂ ಎದ್ದು ಕುಳಿತು ಹುಚ್ಚಾಪಟ್ಟೆ ಶೇರು ಕೊಳ್ಳಲು, ಮಾರಲು ತೊಡಗಿತು. 45 ನಿಮಿಷಗಳಲ್ಲಿ 40 ಲಕ್ಷ ವ್ಯವಹಾರಗಳು! ಗಾಬರಿಯಲ್ಲಿ, ಸರಿಯಾಗಿದ್ದ ಏಳು ಸರ್ವರುಗಳಿಂದಲೂ ಹೊಸ ಪ್ರೋಗ್ರಾಮನ್ನು ತೆಗೆದುಹಾಕಿದರು. ಬೆಂಕಿ ಇನ್ನೂ ಹೆಚ್ಚಾಯಿತು. 46 ಕೋಟಿ ಡಾಲರಿಗೂ ಮಿಕ್ಕಿ ನಷ್ಟವಾಗಿ, ಮರುವರ್ಷ ಆ ಸಂಸ್ಥೆ ಇನ್ನೊಂದರಲ್ಲಿ ಲೀನವಾಯಿತು. ಅಂದು ಬೆಳಗ್ಗೆ ಪೇಟೆ ತೆರೆಯುವ ಮೊದಲೇ ಅದರ ಯಂತ್ರಗಳು ದೋಷ ಸೂಚಿಸುವ 97 ಪತ್ರಗಳನ್ನು ಕಳಿಸಿದ್ದವು. ಆದರೆ ಅವನ್ನು ನೋಡಿ ಕೆಲಸ ನಿಲ್ಲಿಸಬೇಕೆಂದು ಯಾರಿಗೂ ವಹಿಸಿಕೊಟ್ಟಿರಲಿಲ್ಲ.

ಹಾಗಾದರೆ ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸಿಬಿಟ್ಟರೆ ಕ್ಷೇಮವೇ? ಅವಸರಪಡಬೇಡಿ. ಇನ್ನೊಂದು ನಿದರ್ಶನವನ್ನು ಕೇಳಿ.

2024ರ ಜುಲೈ 19, ಶುಕ್ರವಾರ. ನಮ್ಮ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸು ಕೊಟ್ಟ ದಿನ. ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕಂಪ್ಯೂಟರುಗಳನ್ನು ಕಳ್ಳರಿಂದ ಕಾಯುವ ಕ್ರೌಡ್‌ಸ್ಟ್ರೈಕ್ ಎಂಬ ಕಂಪೆನಿ ಅಂದು ಬೆಳಗ್ಗೆ, ನಮ್ಮ ಗಡಿಯಾರದಲ್ಲಿ 9 ಗಂಟೆ 39 ನಿಮಿಷಕ್ಕೆ, ಒಂದು ಸಣ್ಣ ಕಡತವನ್ನು ತಾನಾಗಿ ತಲುಪುವ ವ್ಯವಸ್ಥೆಯ ಮೂಲಕ ಲೋಕಕ್ಕೆಲ್ಲ ಕಳಿಸಿತು. ಕಡತ 21 ವಿವರಗಳನ್ನು ಕೇಳುತ್ತಿತ್ತು. ಪ್ರೋಗ್ರಾಂ ಒದಗಿಸುತ್ತಿದ್ದುದು 20. ಇದನ್ನು ಹಿಡಿಯಬೇಕಾಗಿದ್ದ ಪರೀಕ್ಷೆಯ ಯಂತ್ರದಲ್ಲಿಯೇ ದೋಷವಿದ್ದುದರಿಂದ ಅದು ಹಸಿರು ಗುರುತು ಹಾಕಿ ಮುಂದೆ ಬಿಟ್ಟಿತು. 78 ನಿಮಿಷಗಳಲ್ಲಿ ಕಂಪೆನಿ ಅದನ್ನು ಹಿಂದೆಗೆದುಕೊಂಡಿತಾದರೂ ಅಷ್ಟರಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತಿದ್ದವು. ವಿಮಾನ, ಬ್ಯಾಂಕು, ಆಸ್ಪತ್ರೆ ಎಲ್ಲಕ್ಕೂ ಪೆಟ್ಟು. ಅವುಗಳನ್ನು ಮತ್ತೆ ಎಬ್ಬಿಸಿದವರು ಯಾರು? ಕೆಲಸಗಾರರು. ಒಂದೊಂದು ಯಂತ್ರದ ಮುಂದೆ ಹೋಗಿ ನಿಂತು, ಕೈಯಿಂದ ಆ ಕಡತವನ್ನು ಅಳಿಸಿ, ಅನೇಕ ಕಡೆ ದಿನಗಟ್ಟಲೆ ದುಡಿದರು.

ಮೊದಲನೆಯ ಕಥೆಯಲ್ಲಿ ಕೈ ತಪ್ಪಿತು. ಎರಡನೆಯದರಲ್ಲಿ ಯಂತ್ರ ತಪ್ಪನ್ನೇ ಅತಿ ವೇಗವಾಗಿ, ಅತಿ ಚೊಕ್ಕಟವಾಗಿ ಮನೆಮನೆಗೆ ಹಂಚಿತು. ಕಂಪೆನಿ ಆ ಕಡತವನ್ನು ಮೊದಲು ಕೆಲವೇ ಕಂಪ್ಯೂಟರುಗಳಿಗೆ ಕಳಿಸಿ ನೋಡಿದ್ದರೆ ಅನಾಹುತ ಅಲ್ಲಿಗೇ ನಿಲ್ಲುತ್ತಿತ್ತು. ಹಾಗೆ ಕೆಲವರಿಗೆ ಮೊದಲು ಕಳಿಸುವ ಪದ್ಧತಿಗೆ ನಮ್ಮ ಕಸುಬಿನಲ್ಲಿ ಕ್ಯಾನರಿ ಎಂದು ಹೆಸರು. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ವಿಷದ ಗಾಳಿಯನ್ನು ಮೊದಲೇ ತಿಳಿಯಲು ಕಾರ್ಮಿಕರು ಒಯ್ಯುತ್ತಿದ್ದ ಪುಟ್ಟ ಹಕ್ಕಿಯ ಹೆಸರದು. ಕ್ರೌಡ್‌ಸ್ಟ್ರೈಕ್ ಕೂಡ ಇನ್ನು ಮುಂದೆ ಹಂತಹಂತವಾಗಿ ಕಳಿಸುವೆನೆಂದು ಆಮೇಲೆ ಹೇಳಿತು.

ಈಗ ನನ್ನ ಭಾಷಣದ ಮಗ್ಗಕ್ಕೆ ಬರುತ್ತೇನೆ.

ಜಪಾನಿನಲ್ಲಿ 1867ರಲ್ಲಿ ಒಬ್ಬ ಬಡಗಿಯ ಮನೆಯಲ್ಲಿ ಸಕಿಚಿ ಟೊಯೊಡಾ ಹುಟ್ಟಿದರು. ಮಗ್ಗದ ಸುಧಾರಣೆಗೆ ಜೀವವನ್ನೇ ತೇದರು. 1924ರಲ್ಲಿ ಅವರ ಪ್ರಸಿದ್ಧ ಸ್ವಯಂಚಾಲಿತ ಮಗ್ಗ ಸಿದ್ಧವಾಯಿತು. ಅದು ಓಡುತ್ತಿರುವಾಗಲೇ ಲಾಳಿಯನ್ನು ಬದಲಾಯಿಸುತ್ತಿತ್ತು. ಆದರೆ ಅದರ ಹೆಚ್ಚುಗಾರಿಕೆ ಓಡುವುದರಲ್ಲಿ ಮಾತ್ರ ಇರಲಿಲ್ಲ, ನಿಲ್ಲುವುದರಲ್ಲಿಯೂ ಇತ್ತು. ಹಾಸಿನ ಒಂದೇ ಒಂದು ಎಳೆ ಹರಿದರೆ ಮಗ್ಗ ತಾನಾಗಿಯೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ಒಂದು ಗೇಣೂ ಮುಂದೆ ಹೋಗುತ್ತಿರಲಿಲ್ಲ. 1929ರಲ್ಲಿ ಇಂಗ್ಲೆಂಡಿನ ಓಲ್ಡ್‌ಹ್ಯಾಮಿನ ಪ್ಲಾಟ್ ಬ್ರದರ್ಸ್ ಕಂಪೆನಿ ಆ ಮಗ್ಗದ ಹಕ್ಕನ್ನು ಕೊಂಡಿತು. ಪ್ಲಾಟ್ ಎಂಬ ಹೆಸರು ಇಲ್ಲಿಯ ಗಿರಣಿಯವರಿಗೆ ಹೊಸತಲ್ಲ. ಅದರ ಯಂತ್ರಗಳು ಮುಂಬಯಿಗೂ ಬಂದಿದ್ದವು. ಟೊಯೊಡಾರ ಮಗ ಕಿಇಚಿರೊ ಮೋಟಾರು ತಯಾರಿಕೆಗೆ ಇಳಿದರು. 1937ರಲ್ಲಿ ಟೊಯೊಟಾ ಕಂಪೆನಿ ಹುಟ್ಟಿತು. ಟೊಯೊಡಾರ ನೇಯ್ಗೆ ಗಿರಣಿಯಲ್ಲಿ ಕೆಲಸ ಮಾಡಿ ಬಂದ ತೈಇಚಿ ಓನೊ ಎಂಬವರು ಮಗ್ಗದ ಗುಣವನ್ನು ಮೋಟಾರು ಕಾರಖಾನೆಗೂ ತಂದರು. ಅಲ್ಲಿ ಕೆಲಸಗಾರರ ತಲೆಯ ಮೇಲೆ ಒಂದು ಹಗ್ಗ ತೂಗುತ್ತಿತ್ತು. ತಪ್ಪು ಕಂಡ ಯಾವ ಕೆಲಸಗಾರನೂ ಅದನ್ನು ಎಳೆಯಬಹುದು. ತಪ್ಪು ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಜಾಬರನ ಅಪ್ಪಣೆ ಬೇಡ, ಮ್ಯಾನೇಜರನ ಸಹಿ ಬೇಡ.

ಮೇರಿ ಮತ್ತು ಟಾಮ್ ಪಾಪೆಂಡೀಕ್ ದಂಪತಿಗಳು 2003ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಈ ಕಾರಖಾನೆಯ ಪಾಠವನ್ನು ಸಾಫ್ಟ್‌ವೇರಿನವರಿಗೆ ತಿಳಿಸಿದರು. ನಮ್ಮ ಜೆಂಕಿನ್ಸಿನ ಕೆಂಪು ಗುರುತು ಹರಿದ ಎಳೆಗೆ ನಿಲ್ಲುವ ಮಗ್ಗದ ಮೊಮ್ಮಗುವೇ ಸರಿ. ಯಾವ ಎಳೆ ಮುಖ್ಯ, ಯಾವುದು ಹರಿದರೆ ನಿಲ್ಲಬೇಕು ಎಂಬುದನ್ನು ಯಂತ್ರಕ್ಕೆ ಹೇಳಿಕೊಡುವವನು ಕೆಲಸ ಬಲ್ಲ ಮನುಷ್ಯ. ಹೇಳಿಕೊಡದ ಪರೀಕ್ಷೆಯನ್ನು ಯಂತ್ರ ಮಾಡುವುದಿಲ್ಲ. ಆದ್ದರಿಂದ ಯಂತ್ರ ಎಷ್ಟು ಬೇಗ ಓಡುತ್ತದೆ ಎಂದು ಕೇಳುವವರಿಗೆ ನಾನು ಇನ್ನೊಂದು ಪ್ರಶ್ನೆ ಹಾಕುತ್ತೇನೆ: ಅದು ಎಲ್ಲಿ ನಿಲ್ಲುತ್ತದೆ? ನಿಲ್ಲಿಸುವ ಹಗ್ಗ ಯಾರ ಕೈಯಲ್ಲಿದೆ?

ಒಂದು ಕಹಿ ಮಾತನ್ನೂ ಹೇಳಬೇಕು. ಕಾರ್ಮಿಕರ ವೇದಿಕೆಯಲ್ಲಿ ಅದನ್ನು ಬಿಟ್ಟರೆ ತಪ್ಪಾಗುತ್ತದೆ. ತಾನಾಗಿ ನಿಲ್ಲುವ ಮಗ್ಗ ನೇಕಾರನ ಕಣ್ಣಿಗೆ ವಿಶ್ರಾಂತಿ ಕೊಟ್ಟಿತು, ನಿಜ. ಆದರೆ ಮಾಲೀಕ ಏನೆಂದ? "ಕಣ್ಣಿಗೆ ಬಿಡುವಾಯಿತಲ್ಲ, ಇನ್ನಷ್ಟು ಮಗ್ಗ ನೋಡಿಕೋ." ಇದೇ ಮುಂಬಯಿಯಲ್ಲಿ, ಎರಡು ಮಗ್ಗ ನೋಡುತ್ತಿದ್ದವನಿಗೆ ಮೂರು ಕೊಡುವ ಯೋಜನೆಗಳ ವಿರುದ್ಧ 1928ರಲ್ಲಿ ಗಿರಣಿ ಕಾರ್ಮಿಕರು ಸುಮಾರು ಆರು ತಿಂಗಳು ಮುಷ್ಕರ ಹೂಡಿದರು. ನಮ್ಮ ಕ್ಷೇತ್ರದಲ್ಲಿಯೂ ಹಾಗೆಯೇ. ಕೈಯಿಂದ ಪರೀಕ್ಷೆ ಮಾಡುತ್ತಿದ್ದ ಎಷ್ಟೋ ಜನರ ಕೆಲಸವನ್ನು ಯಂತ್ರ ನುಂಗಿತು. ಪರೀಕ್ಷೆ ಬರೆಯುವುದನ್ನು ಕಲಿತವರು ಮೇಲೆ ಬಂದರು. ಕಲಿಯಲು ಅವಕಾಶ ಸಿಗದವರು ಹೊರಗೆ ಬಿದ್ದರು. ಶನಿವಾರದ ರಾತ್ರಿ ನಮಗೆ ಮರಳಿ ಬಂತೇ? ಕೆಲವೆಡೆ ಬಂತು. ಕೆಲವೆಡೆ, ದಿನಕ್ಕೆ ಹತ್ತು ಸಲ ಏರಿಸಲು ಬರುತ್ತದೆಂದು ದಿನಕ್ಕೆ ಹತ್ತು ಸಲ ಅವಸರ ಮಾಡಿದರು. ರಾತ್ರಿ ಮೊಬೈಲು ದಿಂಬಿನ ಕೆಳಗೆ ಬಂತು. ಯಂತ್ರ ಉಳಿಸಿದ ಹೊತ್ತು ಯಾರಿಗೆ ಸೇರಬೇಕೆಂಬುದನ್ನು ಯಂತ್ರ ತೀರ್ಮಾನಿಸುವುದಿಲ್ಲ. ಅದನ್ನು ತೀರ್ಮಾನಿಸಲು ಸಂಘ ಬೇಕು. ಗಿರಣಿಯವರು ಕೇಳಿದ ಪ್ರಶ್ನೆಯನ್ನು ನಮ್ಮ ಸಾಫ್ಟ್‌ವೇರಿನವರು ಇನ್ನೂ ಸರಿಯಾಗಿ ಕೇಳಲು ಕಲಿತಿಲ್ಲ.

ಬಂಧುಗಳೇ, ಮುಗಿಸುತ್ತೇನೆ. ಈ ಸಭೆಯಲ್ಲಿ ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಓದುವ ತಮ್ಮಂದಿರಿದ್ದಾರೆ. ರಾತ್ರಿಶಾಲೆಯಲ್ಲಿ ಕಲಿತು ಮೇಲೆ ಬಂದದ್ದು ಮುಂಬಯಿ ಕನ್ನಡಿಗರ ಹಳೆಯ ಹೆಮ್ಮೆ. ಅವರಿಗೆ ಹೇಳುತ್ತೇನೆ: ಗಿಟ್ ಮತ್ತು ಜೆಂಕಿನ್ಸ್ ಎರಡಕ್ಕೂ ಬೆಲೆ ಕೊಡಬೇಕಾಗಿಲ್ಲ, ಯಾರು ಬೇಕಾದರೂ ಇಳಿಸಿಕೊಂಡು ಕಲಿಯಬಹುದು. ಸಂಘದ ವಾಚನಾಲಯದಲ್ಲಿ ಒಂದು ಕಂಪ್ಯೂಟರ್ ಇಡುವುದಾದರೆ ಭಾನುವಾರದ ಎರಡು ಗಂಟೆ ಕಲಿಸಲು ನಾನು ಸಿದ್ಧ. ಇದನ್ನು ಕಾರ್ಯದರ್ಶಿಗಳು ನನ್ನ ಮಾತೆಂದು ಬರೆದುಕೊಳ್ಳಲಿ.

ಹಿರಿಯರಿಗೆ ಹೇಳುವುದಿಷ್ಟೆ. ಹರಿದ ಎಳೆಯನ್ನು ಬೆರಳ ತುದಿಯಲ್ಲಿ ಹಿಡಿದು ಗಂಟು ಹಾಕಿದ ನಿಮ್ಮ ಕೈಗಳ ವಿದ್ಯೆ ಗಿರಣಿಯ ಚಿಮಣಿಯೊಂದಿಗೆ ಕೆಡವಲ್ಪಟ್ಟಿತೆಂದು ತಿಳಿಯಬೇಡಿ. ಅದು ವೇಷ ಬದಲಿಸಿಕೊಂಡು, ನಿಮ್ಮ ಮೊಮ್ಮಕ್ಕಳು ಕುಳಿತ ಮೇಜಿನ ಮೇಲೆ ಕೆಂಪು ದೀಪವಾಗಿ ಬೆಳಗುತ್ತಿದೆ. ದೀಪ ಕೆಂಪಾದಾಗ ಕೆಲಸ ನಿಲ್ಲಿಸುವ ಧೈರ್ಯವನ್ನು ಮಾತ್ರ ಆ ಮಕ್ಕಳಿಗೆ ನೀವು ಕಲಿಸಿಕೊಡಬೇಕು. ಅದು ಯಾವ ಯಂತ್ರದಿಂದಲೂ ಸಿಗುವುದಿಲ್ಲ.